ಬಾಲ್ಕನಿಯಲ್ಲಿ ನಿಂತು ಒಂದು ದಮ್ ಎಳೆಯಬಹುದಾ?

ಹೋದ ತಿಂಗಳು ಸಿಂಗಾಪುರದಿಂದ ಹೊರಡುವ ಕ್ರೂಸ್, ಅಂದರೆ ಹಡಗಿನ ಪ್ರವಾಸದ ಬಗ್ಗೆ ಬರೆದಿದ್ದೆ. ಊಟದ ಬಗ್ಗೆ ಪತ್ರ ಬರುತ್ತವೆ ಅಂದುಕೊಂಡಿದ್ದೆ, ಬಂದವು ಕೂಡ. ಆದರೆ ಅದಕ್ಕಿಂತ ಜಾಸ್ತಿ ಬಂದಿದ್ದು ಬೀಡಿ, ಸಿಗರೇಟಿನ ಪ್ರಶ್ನೆಗಳು. ಸೇದುವವರು ಬರೆದಿದ್ದು ಕಡಿಮೆ, ಅವರ ಮನೆಯವರು ಬರೆದಿದ್ದೇ ಹೆಚ್ಚು. ಹಾಗಾಗಿ ಈ ಸಲ ಪೂರ್ತಿ ಹೊಗೆಯ ಮಾತು. ಮೊದಲೇ ಹೇಳಿಬಿಡುತ್ತೇನೆ, ನಾನೂ ಹದಿನೇಳು ವರ್ಷ ಸೇದಿ ಬಿಟ್ಟವನು. ಬೈಯುವ ಹಕ್ಕು ನನಗಿಲ್ಲ.

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ದಿನಕ್ಕೆ ಒಂದು ಕಟ್ಟು ಬೀಡಿ ಬೇಕೇ ಬೇಕು. ಅವರಿಗೋಸ್ಕರವೇ ಜಾಸ್ತಿ ದುಡ್ಡು ಕೊಟ್ಟು ಬಾಲ್ಕನಿ ಇರುವ ಕ್ಯಾಬಿನ್ ಬುಕ್ ಮಾಡಿದ್ದೇವೆ. ಹೊರಗೆ ನಿಂತು ಸೇದಿದರೆ ಯಾರಿಗೂ ತೊಂದರೆ ಇಲ್ಲ ಅಲ್ವಾ ಸಾರ್? (ಒಬ್ಬ ಸೊಸೆ, ದಾವಣಗೆರೆ)

ಉತ್ತರ: ಇಲ್ಲಮ್ಮ, ಆಗಲ್ಲ. ಬಾಲ್ಕನಿ ನಿಮ್ಮದೇ, ದುಡ್ಡು ಕೊಟ್ಟಿದ್ದೀರಿ, ಎದುರಿಗೆ ಬರೀ ಸಮುದ್ರ. ಎಲ್ಲ ನಿಜ. ಆದರೂ ಹೆಚ್ಚಿನ ದೊಡ್ಡ ಕಂಪನಿಗಳ ಹಡಗುಗಳಲ್ಲಿ ಈಗ ಕ್ಯಾಬಿನ್ ಒಳಗೂ ಸೇದುವಂತಿಲ್ಲ, ಬಾಲ್ಕನಿಯಲ್ಲೂ ಸೇದುವಂತಿಲ್ಲ. ಮೊದಲು ಹೀಗಿರಲಿಲ್ಲ. ಪ್ರಿನ್ಸೆಸ್ ಕಂಪನಿ 2012ರಲ್ಲಿ ಬಾಲ್ಕನಿ ಬಂದ್ ಮಾಡಿತು, ರಾಯಲ್ ಕೆರಿಬಿಯನ್ ಮತ್ತು ಕಾರ್ನಿವಲ್ 2014ರಲ್ಲಿ.

ವಾಸನೆಗೆ ಹೆದರಿ ಮಾತ್ರ ಮಾಡಿದ್ದಲ್ಲ ಇದು. 2006ರ ಮಾರ್ಚ್ 23ರಂದು, ಬೆಳಗಿನ ಜಾವ 3 ಗಂಟೆ ಹೊತ್ತಿಗೆ, ಜಮೈಕಾ ಕಡೆ ಹೋಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ 10ನೇ ಡೆಕ್ಕಿನ, ಅಂದರೆ ಮಹಡಿಯ, ಒಂದು ಬಾಲ್ಕನಿಯಲ್ಲಿ ಬೆಂಕಿ ಹತ್ತಿತು. ತನಿಖೆ ಮಾಡಿದ ಬ್ರಿಟಿಷರು ಹೇಳಿದ್ದು, ಯಾರೋ ಎಸೆದ ಸಿಗರೇಟು ತುಂಡೇ ಕಾರಣ ಇರಬೇಕು ಅಂತ. ಅದು ತಕ್ಷಣ ಹೊತ್ತಿಕೊಳ್ಳಲಿಲ್ಲ. ಸುಮಾರು 20 ನಿಮಿಷ ಒಳಗೊಳಗೇ ಕನಲುತ್ತಾ ಇತ್ತು. ಆಮೇಲೆ ಜ್ವಾಲೆ ಎದ್ದಿದ್ದೇ ತಡ, ಬಾಲ್ಕನಿಗಳ ನಡುವಿನ ಅಡ್ಡಗೋಡೆಗಳು ಪ್ಲಾಸ್ಟಿಕ್ಕಿನವು, ಕುರ್ಚಿಗಳೂ ಪ್ಲಾಸ್ಟಿಕ್, ಮೇಲೆ ಓಡುವ ಹಡಗಿನ ಗಾಳಿ ಬೇರೆ, ಹತ್ತೇ ನಿಮಿಷದಲ್ಲಿ ಮೂರು ಡೆಕ್ಕುಗಳಿಗೆ ಹಬ್ಬಿಬಿಟ್ಟಿತು. ಬಾಲ್ಕನಿಯಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. ಒಬ್ಬ ಪ್ರಯಾಣಿಕ ಹೊಗೆ ಕುಡಿದು ಸತ್ತ, ಹದಿಮೂರು ಜನ ಚಿಕಿತ್ಸೆ ಪಡೆದರು. ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು. ನಡುಸಮುದ್ರದಲ್ಲಿ ಎಲ್ಲಿಗೆ ಓಡುತ್ತೀರಿ?

ಅದರಲ್ಲೂ ಬೀಡಿ. ಎಳೆಯದಿದ್ದರೆ ಆರುತ್ತದೆ, ಅದಕ್ಕೇ ನಮ್ಮ ಹಿರಿಯರು ಅರ್ಧ ಸೇದಿದ್ದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ, ಇಲ್ಲಾ ಜೇಬಿಗೆ ಹಾಕಿಕೊಳ್ಳುತ್ತಾರೆ. ಆರಿದೆ ಅಂದುಕೊಂಡದ್ದು ಪೂರ್ತಿ ಆರಿರಬೇಕಲ್ಲ. ಕ್ಯಾಬಿನ್ನಿಗೆ ವಾಪಸ್ ಬರುವ ಮುಂಚೆ ತುಂಡನ್ನು ಸೇದುವ ಜಾಗದಲ್ಲೇ ಮರಳಿನ ಡಬ್ಬಿಗೆ ಚುಚ್ಚಿ ಬರಲು ಹೇಳಿ. ಇದೊಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿ.

ಸಿಕ್ಕಿಬಿದ್ದರೆ ಏನು? ಅನೇಕ ಕಂಪನಿಗಳು ಕ್ಯಾಬಿನ್ ತೊಳೆಸುವ ಖರ್ಚು ಅಂತ 250 ಡಾಲರ್ ಹಾಕುತ್ತವೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ವಾದಕ್ಕೆ ಜಾಗವೇ ಇರುವುದಿಲ್ಲ, ಸುಮ್ನೆ ನಿಮ್ಮ ಹಡಗಿನ ಖಾತೆಗೆ ಸೇರಿಸಿಬಿಡುತ್ತಾರೆ, ಕೊನೆಯ ದಿನ ಬಿಲ್ಲಿನಲ್ಲಿ ಕಾಣುತ್ತದೆ. ಮತ್ತೆ ಮತ್ತೆ ಮಾಡಿದರೆ ಮುಂದಿನ ಬಂದರಿನಲ್ಲಿ ಇಳಿಸುವ ಅಧಿಕಾರವೂ ಅವರಿಗಿದೆ.

ಮಾವನವರಿಗೆ ಜಾಗವೇ ಇಲ್ಲ ಅಂತಲ್ಲ. ತೆರೆದ ಡೆಕ್ಕಿನಲ್ಲಿ ಸೇದುವವರಿಗೆ ಬೇರೆ ಜಾಗ ಇರುತ್ತದೆ. ಸಾಮಾನ್ಯವಾಗಿ ಹಡಗಿನ ಒಂದೇ ಪಕ್ಕದಲ್ಲಿ. ರಾಯಲ್ ಕೆರಿಬಿಯನ್‌ನಲ್ಲಿ ಹೆಚ್ಚಿನ ಹಡಗುಗಳಿಗೆ ಬಲಪಕ್ಕ, ಓಯಸಿಸ್ ವರ್ಗದ ದೊಡ್ಡ ಹಡಗುಗಳಿಗೆ ಎಡಪಕ್ಕ. ಬಲ ಅಂದರೆ ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತಾಗ ಬಲ. ಹತ್ತಿದ ಮೊದಲ ದಿನವೇ ಜೊತೆಗೆ ಹೋಗಿ ಜಾಗ ತೋರಿಸಿ ಬನ್ನಿ. ಯಾವ ಲಿಫ್ಟು, ಯಾವ ಡೆಕ್ಕು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ರಾತ್ರಿ ಎರಡು ಗಂಟೆಗೆ ದಾರಿ ತಪ್ಪಿದ ಮನುಷ್ಯ ಬಾಲ್ಕನಿಯ ಬಾಗಿಲನ್ನೇ ತೆಗೆಯುವುದು.

ಇನ್ನೊಂದು ವಿಷಯ. ಸಿಂಗಾಪುರದ ಕಸ್ಟಮ್ಸ್‌ನಲ್ಲಿ ತಂಬಾಕಿಗೆ ಸುಂಕ ವಿನಾಯಿತಿ ಇಲ್ಲವೇ ಇಲ್ಲ. ಒಂದು ಪ್ಯಾಕ್ ಇದ್ದರೂ ಕೆಂಪು ಚಾನೆಲ್ಲಿಗೆ ಹೋಗಿ ಹೇಳಿ ಸುಂಕ ಕಟ್ಟಬೇಕು. ಹಡಗಿನ ಅಂಗಡಿಯಲ್ಲಿ ಕೊಂಡದ್ದನ್ನು ತೆಗೆದುಕೊಂಡು ಅಲ್ಲಿ ಇಳಿದರೂ ಅದೇ ಲೆಕ್ಕ. ಬೀಡಿ ಕಟ್ಟುಗಳನ್ನು ಸೀರೆ ಮಡಿಕೆಯಲ್ಲಿ ಬಚ್ಚಿಡುವ ಯೋಚನೆ ಇದ್ದರೆ ಈಗಲೇ ಬಿಡಿ.

ಪ್ರಶ್ನೆ: ಹೋದ ವರ್ಷ ನಾವು ಹೋಗಿದ್ದ ಹಡಗಿನಲ್ಲಿ ಪಕ್ಕದ ಬಾಲ್ಕನಿಯಿಂದ ದಿನಾ ಹೊಗೆ ಬರುತ್ತಿತ್ತು. ಮಗನಿಗೆ ವೀಸಿಂಗ್ ಇದೆ. ಯಜಮಾನರು ಹೋಗಿ ಬಾಗಿಲು ತಟ್ಟಿ ಜಗಳವೇ ಆಯಿತು. ಏನು ಮಾಡಬೇಕಿತ್ತು? (ಗೃಹಿಣಿ, ಬೆಂಗಳೂರು)

ಉತ್ತರ: ಬಾಗಿಲು ತಟ್ಟಬಾರದಿತ್ತು. ನಿಮ್ಮ ಯಜಮಾನರದು ತಪ್ಪಲ್ಲ, ಆದರೆ ರಜೆ ಹಾಳಾಗಿದ್ದು ನಿಮ್ಮದೇ ತಾನೆ. ಕ್ಯಾಬಿನ್ ಫೋನಿನಿಂದ ಗೆಸ್ಟ್ ಸರ್ವಿಸ್‌ಗೆ ಹೇಳಿ. ಹೊಗೆ ಬರುತ್ತಿರುವಾಗಲೇ ಹೇಳಿ, ಮಾರನೇ ದಿನ ಹೇಳಿದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸೆಕ್ಯುರಿಟಿಯವರು ಬರುತ್ತಾರೆ. ಒಂದು ಸಲಕ್ಕೆ ನಿಲ್ಲದಿದ್ದರೆ ಎರಡನೇ ಸಲ ಹೇಳಿ, ಸಂಕೋಚ ಬೇಡ. ಬೆಂಕಿ ಅಂದರೆ ಹಡಗಿನವರಿಗೆ ನಿಮಗಿಂತ ಜಾಸ್ತಿ ಭಯ.

ಮುಂದಿನ ಸಲ ಬುಕ್ ಮಾಡುವಾಗಲೇ ಡೆಕ್ ನಕ್ಷೆ ನೋಡಿ. ಸೇದುವ ಜಾಗ ಯಾವ ಪಕ್ಕದಲ್ಲಿದೆ ನೋಡಿ ಇನ್ನೊಂದು ಪಕ್ಕದಲ್ಲಿ ಕ್ಯಾಬಿನ್ ಕೇಳಿ. ಹಡಗು ಮುಂದೆ ಓಡುವಾಗ ಹೊಗೆ ಹೆಚ್ಚಾಗಿ ಹಿಂದಕ್ಕೆ ಹೋಗುತ್ತದೆ, ಅದಕ್ಕೇ ಆ ಜಾಗಕ್ಕಿಂತ ಮುಂದಿನ ಕ್ಯಾಬಿನ್ ವಾಸಿ. ಆಮೇಲೆ ಕ್ಯಾಸಿನೊ. ಅನೇಕ ಹಡಗುಗಳಲ್ಲಿ ಒಳಗೆ ಸೇದಲು ಬಿಡುವ ಒಂದೇ ದೊಡ್ಡ ಜಾಗ ಅದು. ನಾನು ಒಂದು ಸಲ ಕಡಿಮೆ ರೇಟು ಅಂತ ಕ್ಯಾಸಿನೊ ಇರುವ ಡೆಕ್ಕಿನ ಮೇಲೇ ಕ್ಯಾಬಿನ್ ತೆಗೆದುಕೊಂಡಿದ್ದೆ. ಮೆಟ್ಟಿಲಲ್ಲಿ ಹೊಗೆ, ಲಿಫ್ಟಿನಲ್ಲಿ ಹೊಗೆ, ಬೆಳಿಗ್ಗೆ ಎದ್ದರೆ ತಲೆದಿಂಬಿನಲ್ಲೂ ಅದೇ ನಾತ. ಸೇದುವುದು ಬಿಟ್ಟ ಮೇಲೆ ಮೂಗು ಎಷ್ಟು ಚುರುಕಾಗುತ್ತದೆ ಅಂತ ಆ ಐದು ದಿನದಲ್ಲಿ ಗೊತ್ತಾಯಿತು.

ಪ್ರಶ್ನೆ: ನಾವು ಸೇದುವವರಲ್ಲ. ಆದರೆ ನಮ್ಮ ತಾಯಿ ದಿನಾ ಊದಿನಕಡ್ಡಿ ಹಚ್ಚದೆ ಕಾಫಿ ಕುಡಿಯುವುದಿಲ್ಲ. ಕ್ಯಾಬಿನ್ನಿನಲ್ಲಿ ಒಂದೇ ಒಂದು ಕಡ್ಡಿ, ಚೂರು ಕರ್ಪೂರ, ನಡೆಯುತ್ತದಾ? (ಮೈಸೂರು)

ಉತ್ತರ: ಮೈಸೂರಿನಿಂದ ಈ ಪ್ರಶ್ನೆ ಬರದೆ ಇನ್ನೆಲ್ಲಿಂದ ಬರಬೇಕು! ನಡೆಯಲ್ಲ. ಮೇಣದಬತ್ತಿ, ಊದಿನಕಡ್ಡಿ ಎರಡೂ ಕ್ರೂಸ್ ಕಂಪನಿಗಳ ನಿಷೇಧದ ಪಟ್ಟಿಯಲ್ಲಿ ಹೆಸರು ಹಿಡಿದೇ ಇವೆ. ಬ್ಯಾಗ್ ಎಕ್ಸ್‌ರೇಯಲ್ಲಿ ಕಂಡರೆ ಎತ್ತಿಟ್ಟುಕೊಳ್ಳುತ್ತಾರೆ. ಕರ್ಪೂರದ ಮಾತಂತೂ ಬೇಡವೇ ಬೇಡ, ಅದು ಬರೀ ಬೆಂಕಿ. ಕ್ಯಾಬಿನ್ನಿನ ಚಾವಣಿಯಲ್ಲಿ ಸೆನ್ಸರ್ ಇರುತ್ತದೆ, ಅದಕ್ಕೆ ಭಕ್ತಿಯ ಹೊಗೆ ಯಾವುದು, ಬೀಡಿಯ ಹೊಗೆ ಯಾವುದು ಗೊತ್ತಾಗುವುದಿಲ್ಲ. ಅಮ್ಮನಿಗೆ ಬ್ಯಾಟರಿ ದೀಪ ಒಂದು ಕೊಡಿಸಿ. ಹಚ್ಚದೇ ಇರುವ ಕಡ್ಡಿಗೂ ಒಳ್ಳೆಯ ವಾಸನೆ ಇರುತ್ತದಲ್ಲ ಅಂತ ಒಯ್ಯಬೇಡಿ, ಅದನ್ನೂ ತೆಗೆದಿಡುತ್ತಾರೆ. ಹಾಗೇ ಕಾಫಿಗೆ ಅಂತ ಮನೆಯ ಕೆಟಲ್, ಸೀರೆಗೆ ಅಂತ ಇಸ್ತ್ರಿಪೆಟ್ಟಿಗೆ ಕೂಡ ಬೇಡ, ಅವೂ ಸಾಮಾನ್ಯವಾಗಿ ಅದೇ ಪಟ್ಟಿಯಲ್ಲಿರುತ್ತವೆ.

ಪ್ರಶ್ನೆ: ವೇಪ್ (ಇ-ಸಿಗರೇಟು) ಓಕೆ ಅಲ್ವಾ? ಬೆಂಕಿನೂ ಇಲ್ಲ, ಬೂದಿನೂ ಇಲ್ಲ. (ಹುಬ್ಬಳ್ಳಿ)

ಉತ್ತರ: ಹಡಗಿನ ಲೆಕ್ಕದಲ್ಲಿ ವೇಪ್ ಅಂದರೂ ಸಿಗರೇಟೇ, ಅದೇ ಜಾಗದಲ್ಲಿ ಮಾತ್ರ. ಆದರೆ ನೀವು ಹಡಗು ಹತ್ತಬೇಕಾದ ದೇಶವೂ ಒಪ್ಪಬೇಕಲ್ಲಪ್ಪ. ಸಿಂಗಾಪುರದಲ್ಲಿ 2018ರಿಂದ ಅದು ಕೈಯಲ್ಲಿದ್ದರೇ ಅಪರಾಧ. ಥಾಯ್ಲೆಂಡಿನಲ್ಲೂ ನಿಷೇಧ. ನಮ್ಮಲ್ಲೇ 2019ರ ಕಾಯ್ದೆಯಲ್ಲಿ ಮಾರಾಟ, ಆಮದು ಎರಡೂ ಬಂದ್. ಮನೆಯಲ್ಲಿ ಬಿಟ್ಟು ಹೋಗಿ. ನೀವು ಪತ್ರದಲ್ಲಿ ಕೇಳಿದ ಇನ್ನೊಂದು ಸೊಪ್ಪಿನ, ಅದೇ ಗಾಂಜಾದ ಬಗ್ಗೆ ನಾನು ಉತ್ತರವನ್ನೇ ಬರೆಯಲ್ಲ, ಇಳಿಯುವ ಊರಿನಲ್ಲಿ ಕಾನೂನು ಬಿಟ್ಟಿದ್ದರೂ ಹಡಗಿನಲ್ಲಿ ಬಿಡುವುದಿಲ್ಲ ಅಂತಷ್ಟೇ.

ಪ್ರಶ್ನೆ: ಎಲ್ಲರೂ ಸಿಗರೇಟಿನ ಬಗ್ಗೆಯೇ ಹೇಳ್ತಾರೆ. ನಮ್ಮಂಥ ಜರ್ದಾ ಹಾಕುವವರ ಗತಿ? ಸಮುದ್ರಕ್ಕೆ ಉಗುಳಿದರೆ ಯಾರು ಕೇಳ್ತಾರೆ? (ಶಿವಮೊಗ್ಗ)

ಉತ್ತರ: ಕೆಳಗಿನ ಬಾಲ್ಕನಿಯವರು ಕೇಳುತ್ತಾರೆ. ನೀವು ಉಗುಳಿದ್ದು ಸಮುದ್ರಕ್ಕೆ ಹೋಗುವುದಿಲ್ಲ, ಗಾಳಿಗೆ ಸಿಕ್ಕಿ ಎರಡು ಡೆಕ್ ಕೆಳಗೆ ಯಾರದೋ ಬಿಳಿ ಟವೆಲ್ ಮೇಲೆ ಬೀಳುತ್ತದೆ. ಸಿಗರೇಟು ತುಂಡೂ ಹಾಗೆಯೇ, ಸ್ಟಾರ್ ಪ್ರಿನ್ಸೆಸ್ ಕಥೆ ಮೇಲೆ ಓದಿದಿರಲ್ಲ. ತುಂಡಿನ ಫಿಲ್ಟರ್ ಹತ್ತಿಯಲ್ಲ, ಒಂದು ಥರದ ಪ್ಲಾಸ್ಟಿಕ್. ಹಡಗಿನಿಂದ ಪ್ಲಾಸ್ಟಿಕ್ಕನ್ನು ಯಾವ ಸಮುದ್ರಕ್ಕೂ ಎಸೆಯುವಂತಿಲ್ಲ ಅಂತ ಮಾರ್ಪೋಲ್ ಎನ್ನುವ ಅಂತರರಾಷ್ಟ್ರೀಯ ಒಪ್ಪಂದವೇ ಹೇಳುತ್ತದೆ. ಇನ್ನು ಜರ್ದಾ, ಗುಟ್ಕಾ ಸಿಂಗಾಪುರಕ್ಕೆ ಒಯ್ಯುವುದೇ ನಿಷೇಧ, ಸುಂಕ ಕಟ್ಟಿದರೂ ಬಿಡುವುದಿಲ್ಲ. ಅಲ್ಲಿಂದ ಹತ್ತುವವರು ನಾಲ್ಕು ದಿನ ಏಲಕ್ಕಿ, ಲವಂಗದಲ್ಲಿ ಕಳೆಯಬೇಕು.

ಪ್ರಶ್ನೆ: ಸೇದುವ ಜಾಗಕ್ಕೇ ಬಂದು ಕುರ್ಚಿ ಹಿಡಿದು ಕೂತು, ಆಮೇಲೆ ನಮ್ಮ ಮುಖ ನೋಡಿ ಕೆಮ್ಮುವವರಿಗೆ ಏನು ಹೇಳಬೇಕು? (ಮಂಗಳೂರು)

ಉತ್ತರ: ಏನೂ ಹೇಳಬೇಡಿ, ಇನ್ನೊಂದು ಹಚ್ಚಿ. ತಮಾಷೆಗೆ ಅಂದೆ. ಆದರೆ ನಿಮ್ಮ ದೂರು ನ್ಯಾಯವಾದದ್ದೇ. ಇಡೀ ಹಡಗಿನಲ್ಲಿ ಅದೊಂದು ಮೂಲೆ ಬಿಟ್ಟುಕೊಟ್ಟಿದ್ದಾರೆ. ನೆರಳು ಚೆನ್ನಾಗಿದೆ ಅಂತ ಅಲ್ಲಿಗೇ ಬಂದು ಕೂತವರು ಹೊಗೆಯನ್ನು ದೂರುವಂತಿಲ್ಲ. ಮಗು ಕರೆದುಕೊಂಡು ಬಂದಿದ್ದರೆ ಮಾತ್ರ ಸಿಗರೇಟನ್ನು ಆ ಕಡೆ ಹಿಡಿದು, ಇದು ಸೇದುವ ಜಾಗ ಅಂತ ಮೆಲ್ಲಗೆ ಹೇಳಿ. ಹೆಚ್ಚಿನವರು ಬೋರ್ಡೇ ನೋಡಿರುವುದಿಲ್ಲ.

ಪ್ರಶ್ನೆ: ಲೈಟರ್ ಒಯ್ಯಬಹುದಾ? (ಬಳ್ಳಾರಿ)

ಉತ್ತರ: ನಮ್ಮ ವಿಮಾನ ನಿಲ್ದಾಣ ದಾಟುವುದಿಲ್ಲ. ಲೈಟರ್, ಬೆಂಕಿಪೊಟ್ಟಣ ಎರಡನ್ನೂ ತೆಗೆದಿಟ್ಟುಕೊಳ್ಳುತ್ತಾರೆ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಅಲ್ಲಿಗೆ ಹೋದ ಮೇಲೆ ಒಂದು ಕೊಂಡುಕೊಳ್ಳಿ. ಹಿಂದೊಮ್ಮೆ ನಾನಿದ್ದ ಹಡಗಿನಲ್ಲಿ ಗದಗದ ಕಡೆಯ ಒಬ್ಬರು ಅಜ್ಜ ಅದನ್ನೂ ಕೊಳ್ಳಲಿಲ್ಲ. ಡೆಕ್ಕಿನ ಗಾಳಿಗೆ ಅವರ ಬೀಡಿ ಆರುತ್ತಲೇ ಇತ್ತು, ಪಕ್ಕದಲ್ಲಿದ್ದ ಚೀನೀ ಅಜ್ಜ ಒಂದೂ ಮಾತಾಡದೆ ಎರಡೂ ಕೈ ಮರೆ ಮಾಡಿ ಲೈಟರ್ ಹಿಡಿಯುತ್ತಲೇ ಇದ್ದರು. ನಾಲ್ಕನೇ ಸಲಕ್ಕೆ ಲೈಟರನ್ನೇ ಗದಗದ ಅಜ್ಜನ ಜೇಬಿಗೆ ಹಾಕಿ, ಒಂದು ಬೀಡಿ ಕೇಳಿ ಈಸಿಕೊಂಡರು.