ಕ್ಷಮೆಯ ಕುರಿತ ಕ್ರೈಸ್ತ ಕಾದಂಬರಿ ಗೆಳತಿಗೆ ಕಣ್ಣೀರು ತರಿಸಿತು, ನನಗೆ ಸಿಟ್ಟು ತರಿಸಿತು. ನಾನು ಕ್ರೈಸ್ತನಲ್ಲದ್ದೇ ಕಾರಣವೇ?

ಗೆಳತಿ ಉಡುಗೊರೆಯಾಗಿ ಕೊಟ್ಟ ಕಾದಂಬರಿಯಲ್ಲಿ, ಚಿಕ್ಕಂದಿನಲ್ಲೇ ತನ್ನನ್ನು ಬಿಟ್ಟುಹೋದ ತಂದೆಯನ್ನು ಮಗಳು ಕೊನೆಯ ಅಧ್ಯಾಯದಲ್ಲಿ ಒಂದು ಪ್ರಾರ್ಥನೆಯ ನಂತರ ಕ್ಷಮಿಸಿಬಿಡುತ್ತಾಳೆ ಎಂದು ಬರೆದಿದ್ದೀರಿ. ಗೆಳತಿ ಅದನ್ನು ಮೂರು ಸಲ ಓದಿ ಮೂರು ಸಲವೂ ಅತ್ತರಂತೆ. ನೀವು ಮಾತ್ರ "ಇಷ್ಟು ಸುಲಭವೇ?" ಎಂದು ಪುಸ್ತಕ ಮುಚ್ಚಿಟ್ಟಿರಿ.

ನೀವು ಊಹಿಸಿದ ಕಾರಣ ಸರಿಯಲ್ಲ. ನಾನು ಚರ್ಚಿನಲ್ಲೇ ಬೆಳೆದವನು, ಸಂಡೇ ಸ್ಕೂಲಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಒಪ್ಪಿಸಿದವನು. ಆದರೂ ಇಂಥ ಕಾದಂಬರಿಗಳಲ್ಲಿ ಅರ್ಧದಷ್ಟು ನನಗೂ ಸಿಟ್ಟು ತರಿಸಿವೆ. ನಾವು ಕೆಲವರು ಕೂಡಿ ಇವನ್ನು ಓದಿ ಮಾತನಾಡುವುದುಂಟು. ಅಲ್ಲಿರುವವರೆಲ್ಲ ಭಕ್ತರೇ, ಆದರೂ ಜಗಳ ತಪ್ಪಿದ್ದಿಲ್ಲ. ಆ ಜಗಳಗಳನ್ನು ನೋಡುತ್ತಾ ನನಗೆ ಅನ್ನಿಸಿದ್ದು ಇಷ್ಟು: ಓದುಗ ಯಾವ ಪಾತ್ರದ ಪಕ್ಕ ಕುಳಿತು ಓದುತ್ತಿದ್ದಾನೆ ಎಂಬುದರ ಮುಂದೆ ಅವನ ಮತ, ಭಕ್ತಿ ಎಲ್ಲವೂ ಹಿಂದೆ ಸರಿಯುತ್ತವೆ. ಯಾರದೋ ಕ್ಷಮೆಗಾಗಿ ಕಾಯುತ್ತಿರುವವರು ತಪ್ಪು ಮಾಡಿದವನ ಪಕ್ಕ ಕೂರುತ್ತಾರೆ. ಅವರಿಗೆ ಆ ಕೊನೆಯ ಅಧ್ಯಾಯ ನೀರಡಿಸಿದವರಿಗೆ ಸಿಕ್ಕ ನೀರು. ನೋವುಂಡು, ಒಂದು "ತಪ್ಪಾಯಿತು" ಎಂಬ ಮಾತನ್ನೂ ಕೇಳದವರು ಮಗಳ ಪಕ್ಕ ಕೂರುತ್ತಾರೆ. ಅವರಿಗೆ ಅದೇ ಅಧ್ಯಾಯದಲ್ಲಿ ಲೇಖಕನೂ ತಂದೆಯ ಪರ ವಕಾಲತ್ತು ವಹಿಸಿದಂತೆ ಕಾಣುತ್ತದೆ.

ಇದು ಹೊಸ ಜಗಳವೂ ಅಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ನಿಮಗೆ ಗೊತ್ತಿರಬಹುದು. ಆಸ್ತಿಯನ್ನೆಲ್ಲ ಹಾಳುಮಾಡಿ ಬಂದ ಕಿರಿಯ ಮಗನನ್ನು ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ, ಕೊಬ್ಬಿದ ಕರುವನ್ನು ಕೊಯ್ಯಿಸುತ್ತಾನೆ. ಹೊಲದಿಂದ ಬಂದ ಹಿರಿಯ ಮಗ ಮಾತ್ರ ಒಳಗೆ ಹೋಗಲು ಒಪ್ಪುವುದಿಲ್ಲ. ಇಷ್ಟು ವರ್ಷ ದುಡಿದರೂ ತನಗೊಂದು ಆಡಿನ ಮರಿಯೂ ಸಿಗಲಿಲ್ಲ ಎಂಬುದು ಅವನ ದೂರು. ತಂದೆ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಆಮೇಲೆ ಅವನು ಒಳಗೆ ಹೋದನೇ? ಕಥೆ ಹೇಳುವುದೇ ಇಲ್ಲ, ಅಲ್ಲಿಗೇ ನಿಲ್ಲುತ್ತದೆ. ಸಿಟ್ಟಾದ ಓದುಗನಿಗೆ ಕಥೆಯೊಳಗೇ ಒಂದು ಜಾಗ ಕೊಟ್ಟು, ಅವನನ್ನು ಬಾಗಿಲಲ್ಲಿ ನಿಲ್ಲಲು ಬಿಟ್ಟ ಈ ಧೈರ್ಯ ಈಗಿನ ಅನೇಕ ಕಾದಂಬರಿಕಾರರಿಗಿಲ್ಲ. ಅವರ ಹಿರಿಯ ಮಗ ಕೊನೆಯ ಪುಟದಲ್ಲಿ ಕಡ್ಡಾಯವಾಗಿ ಒಳಗೆ ಬಂದು ಊಟಕ್ಕೆ ಕೂರಲೇಬೇಕು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಮನೆಯ ಪಾಲಿನ ವಿಷಯದಲ್ಲಿ ನನಗೂ ಅಣ್ಣನಿಗೂ ಆರು ವರ್ಷ ಮಾತಿರಲಿಲ್ಲ. ಆ ಕಾಲದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಇಂಥದೊಂದು ಕಾದಂಬರಿ ಕೊಟ್ಟರು. ಅಣ್ಣತಮ್ಮಂದಿರು ಅಳುತ್ತಾ ಅಪ್ಪಿಕೊಳ್ಳುವ ಪುಟಕ್ಕೆ ಬಂದಾಗ ಅದನ್ನು ಗೋಡೆಗೆ ಎಸೆದೆ. ಮುಂದೆ ನಾವು ರಾಜಿಯಾದೆವು. ಈಗ ಓದಿದರೆ ಹಿಡಿಸೀತು ಎಂದುಕೊಂಡು ಮತ್ತೆ ತೆರೆದೆ. ಮೊದಲಿಗಿಂತಲೂ ಪೊಳ್ಳಾಗಿ ಕಂಡಿತು! ಏಕೆಂದರೆ ರಾಜಿ ಎಂದರೇನೆಂದು ಆಗ ನನಗೆ ಗೊತ್ತಾಗಿತ್ತು. ಅಣ್ಣ ಬಂದು ಕುಳಿತ, ಇಬ್ಬರಿಗೂ ಮಾತು ಹೊರಡಲಿಲ್ಲ, ಕೊನೆಗೆ ಅವನು "ಈ ಫ್ಯಾನು ಶಬ್ದ ಮಾಡುತ್ತದಲ್ಲ" ಎಂದ. ಯಾರೂ ಅಪ್ಪಿಕೊಳ್ಳಲಿಲ್ಲ. ಇಂದಿಗೂ ನನಗೆ ಹಣ ಕೊಡಬೇಕಾದಾಗ ಅವನು ಲೆಕ್ಕ ಬರೆದ ಚೀಟಿಯನ್ನೂ ಜೊತೆಗೆ ಕೊಡುತ್ತಾನೆ.

ಆಮೇಲೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಯೋಸೇಫನ ಕಥೆಯನ್ನು ಮತ್ತೆ ಓದಿದೆ. ತನ್ನನ್ನು ಮಾರಿದ ಅಣ್ಣಂದಿರು ಧಾನ್ಯಕ್ಕಾಗಿ ಎದುರು ಬಂದು ನಿಂತಾಗ ಅವನು ಕೂಡಲೇ ಕರಗುವುದಿಲ್ಲ. ಮೂರು ಅಧ್ಯಾಯಗಳುದ್ದಕ್ಕೂ ಅವರನ್ನು ಪರೀಕ್ಷಿಸುತ್ತಾನೆ, ಮರೆಗೆ ಹೋಗಿ ಅಳುತ್ತಾನೆ, ಕಿರಿಯವನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಅಡಗಿಸಿಡಿಸುತ್ತಾನೆ. ಹಿಂದೆ ತಮ್ಮನನ್ನು ಮಾರೋಣ ಎಂದಿದ್ದ ಯೆಹೂದನೇ ಈಗ ಇನ್ನೊಬ್ಬ ತಮ್ಮನಿಗಾಗಿ ತಾನು ದಾಸನಾಗಿರುತ್ತೇನೆ ಎಂದ ಮೇಲೆಯೇ ಯೋಸೇಫ ತಾನು ಯಾರೆಂದು ಹೇಳುವುದು. ಅಷ್ಟಾದರೂ, ಹದಿನೇಳು ವರ್ಷಗಳ ನಂತರ ತಂದೆ ತೀರಿಕೊಂಡಾಗ, ಇನ್ನು ಇವನು ಸೇಡು ತೀರಿಸಿಕೊಳ್ಳುತ್ತಾನೆಂದು ಅಣ್ಣಂದಿರು ಹೆದರುತ್ತಾರೆ. ಅಣ್ಣನ ಲೆಕ್ಕದ ಚೀಟಿ ನನಗೆ ಅಲ್ಲಿ ಕಂಡಿತು.

ವಿಕ್ಟರ್ ಹ್ಯೂಗೋನ 'ಲೆ ಮಿಸರಾಬ್ಲ್' (1862) ಬಗ್ಗೆಯೂ ಒಂದು ಮಾತು. ಬೆಳ್ಳಿ ಕದ್ದ ಜಾನ್ ವಾಲ್ಜಾನನನ್ನು ಪೊಲೀಸರು ಹಿಡಿದು ತಂದಾಗ, ಅದು ತಾನೇ ಕೊಟ್ಟದ್ದೆಂದು ಹೇಳಿ ಬಿಷಪ್ ದೀಪಸ್ತಂಭಗಳನ್ನೂ ಸೇರಿಸಿ ಕೊಡುವ ದೃಶ್ಯ ಎಲ್ಲರಿಗೂ ನೆನಪಿದೆ. ಅದಾದ ತುಸು ಹೊತ್ತಿನಲ್ಲೇ ಅದೇ ಮನುಷ್ಯ ದಾರಿಯಲ್ಲಿ ಒಬ್ಬ ಪುಟ್ಟ ಹುಡುಗನ ನಾಣ್ಯವನ್ನು ಕಾಲಡಿ ಅದುಮಿಕೊಂಡು ಅವನನ್ನು ಗದರಿಸಿ ಓಡಿಸುತ್ತಾನೆ. ಇದನ್ನು ಯಾರೂ ನೆನೆಯುವುದಿಲ್ಲ. ನನಗಂತೂ ಬಿಷಪ್ಪನ ಮೇಲೆ ನಂಬಿಕೆ ಹುಟ್ಟಿದ್ದೇ ಆ ನಾಣ್ಯದಿಂದ. ಕ್ಷಮೆ ಸಿಕ್ಕ ಮರುಗಳಿಗೆ ಅವನು ಸಂತನಾಗಿದ್ದರೆ ನಾನೂ ನಿಮ್ಮಂತೆ ಪುಸ್ತಕ ಮುಚ್ಚುತ್ತಿದ್ದೆ.

"ಉಪದೇಶ ಜಾಸ್ತಿ" ಎಂಬ ಸಾಮಾನ್ಯ ದೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾದ್ರಿಯ ಪಾತ್ರ ಪ್ರಸಂಗ ಮಾಡಿದರೆ ತೊಂದರೆಯಿಲ್ಲ, ಅಡುಗೆಮನೆಯಲ್ಲಿ ನಿಂತ ಹೆಂಡತಿಯೂ ಪ್ರಸಂಗ ಮಾಡತೊಡಗಿದರೆ ತೊಂದರೆ.

ಭಕ್ತರೂ ಸಿಟ್ಟಾಗುತ್ತಾರೆ, ಆದರೆ ಬೇರೆ ಕಾರಣಕ್ಕೆ. 2007ರಲ್ಲಿ ಬಂದ 'ದಿ ಶ್ಯಾಕ್' ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಮಗಳನ್ನು ಕೊಂದವನನ್ನು ತಂದೆಯೊಬ್ಬ ಕ್ಷಮಿಸಬೇಕಾಗಿ ಬರುವ ಕಥೆ ಅದು. ಮಕ್ಕಳನ್ನು ಕಳೆದುಕೊಂಡವರು ಅದರಲ್ಲಿ ಸಾಂತ್ವನ ಕಂಡರು. ಇತ್ತ ಹಲವು ಬೋಧಕರು ತಂದೆಯಾದ ದೇವರನ್ನು ಕಪ್ಪು ಹೆಂಗಸಿನ ರೂಪದಲ್ಲಿ ತೋರಿಸಿದ್ದು ಸುಳ್ಳು ಬೋಧನೆ ಎಂದು ಎಚ್ಚರಿಸಿದರು. ಆ ಪುಸ್ತಕದ ಶೈಲಿ ನನಗೆ ಹಿಡಿಸಲಿಲ್ಲ. ಆದರೂ ಅದು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಕ್ಷಮಿಸುವುದೇ ಬೇರೆ, ಆ ಮನುಷ್ಯನೊಡನೆ ಮತ್ತೆ ಸಂಬಂಧ ಬೆಳೆಸುವುದೇ ಬೇರೆ. ಹೊಡೆತ ತಿಂದವಳನ್ನು ಕ್ಷಮೆಯ ಹೆಸರಿನಲ್ಲಿ ಅದೇ ಮನೆಗೆ ವಾಪಸು ಕಳಿಸುವ ಕಾದಂಬರಿಗಳನ್ನೂ ನಾನು ಓದಿದ್ದೇನೆ. ಅವುಗಳ ಮೇಲಿನ ಸಿಟ್ಟು ಓದುಗರ ಕೊರತೆಯಲ್ಲ.

ನಿಮ್ಮ "ಇಷ್ಟು ಸುಲಭವೇ?" ಎಂಬ ಪ್ರಶ್ನೆಯನ್ನು ಕ್ರೈಸ್ತ ಲೇಖಕನೇ ನಿಮಗಿಂತ ಕಠೋರವಾಗಿ ಕೇಳಿದ್ದಾನೆ. ದಸ್ತಯೆವ್‌ಸ್ಕಿಯ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಒಬ್ಬ ಜಮೀನ್ದಾರ ಎಂಟು ವರ್ಷದ ಹುಡುಗನ ಮೇಲೆ ಬೇಟೆನಾಯಿಗಳನ್ನು ಬಿಡುತ್ತಾನೆ. ಇದನ್ನು ಹೇಳುವ, ಆ ಸಹೋದರರಲ್ಲಿ ಒಬ್ಬನಾದ ಇವಾನನ ವಾದ: ತಾಯಿ ತನ್ನ ನೋವನ್ನು ಬೇಕಾದರೆ ಕ್ಷಮಿಸಲಿ, ಮಗುವಿನ ನೋವನ್ನು ಕ್ಷಮಿಸುವ ಹಕ್ಕು ಅವಳಿಗೂ ಇಲ್ಲ. ಲೇಖಕ ಸ್ವತಃ ಭಕ್ತ, ಆದರೂ ಈ ವಾದವನ್ನು ಒಂಚೂರೂ ದುರ್ಬಲಗೊಳಿಸಲಿಲ್ಲ. ಮತ್ತೊಂದು ಪುಸ್ತಕ ಓದುವ ಮನಸ್ಸಿದ್ದರೆ ಇದನ್ನೇ ಎತ್ತಿಕೊಳ್ಳಿ. ದಪ್ಪ ನೋಡಿ ಹೆದರಬೇಡಿ.

ಗೆಳತಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ. ಚೆನ್ನಾಗಿತ್ತು ಎಂದು ಸುಳ್ಳು ಹೇಳಬೇಡಿ. ಕೆಟ್ಟದಾಗಿತ್ತು ಎಂದು ಈಗಲೇ ಹೇಳುವುದೂ ಬೇಡ. ಮೂರು ಸಲ ಅತ್ತವರು ಯಾವ ಪುಟದಲ್ಲಿ ಅತ್ತರು ಎಂದು ಮೊದಲು ಕೇಳಿ.