ಪ್ರತಿಕ್ರಿಯೆ: ಗ್ರೇಟರ್ ಸನ್‌ರೈಸ್‌ಗೆ 90:10 ಸರಿಯೋ, 50:50 ಸರಿಯೋ, 70:30 ಸರಿಯೋ?

ತಿಮೋರ್ ಸಮುದ್ರದ ಗ್ರೇಟರ್ ಸನ್‌ರೈಸ್ ಅನಿಲ ನಿಕ್ಷೇಪದ ಆದಾಯ ಪೂರ್ವ ತಿಮೋರ್ ಮತ್ತು ಆಸ್ಟ್ರೇಲಿಯಾಕ್ಕೆ ಯಾವ ಪಾಲಿನಲ್ಲಿ ಹೋಗುತ್ತದೆ ಎಂದು ನಿಮ್ಮ ಪ್ರಬಂಧಕ್ಕಾಗಿ ಕೇಳಿದ್ದೀರಿ (ಮೊದಲ ಅಂಕಿ ತಿಮೋರ್‌ನದು). ಮೂರು ಒಪ್ಪಂದಗಳು ಕಲಸಿಹೋಗಿರಬೇಕು, ಅದಕ್ಕೇ ನಿಮಗೆ ಒಂದೊಂದು ಕಡೆ ಒಂದೊಂದು ಪಾಲು ಕಾಣಿಸುತ್ತಿದೆ. 90:10 ಎಂಬುದು ಆಸ್ಟ್ರೇಲಿಯಾ–ಪೂರ್ವ ತಿಮೋರ್ ನಡುವಿನ 2002ರ ತಿಮೋರ್ ಸಮುದ್ರ ಒಪ್ಪಂದದ್ದು, 50:50 ಎಂಬುದು 2006ರದ್ದು. ಎರಡೂ ಈಗ ಜಾರಿಯಲ್ಲಿಲ್ಲ.

ಮೊದಲು ನಿಮ್ಮ ಆಕರದ ದಿನಾಂಕ ನೋಡಿ. 2019ರ ಆಗಸ್ಟ್ 30ರಿಂದ ಈಚೆಗೆ ನಡೆಯುವುದು 2018ರ ಕಡಲ ಗಡಿ ಒಪ್ಪಂದ. ಪೂರ್ತಿ ಓದುವುದು ಬೇಡ, ನೇರವಾಗಿ ಅನುಬಂಧ 'ಬಿ' ತೆಗೆಯಿರಿ. ಪೈಪ್‌ಲೈನ್ ತಿಮೋರ್‌ಗೆ ಹೋದರೆ ತಿಮೋರ್ ಪಾಲು 70, ಆಸ್ಟ್ರೇಲಿಯಾದ್ದು 30. ಆಸ್ಟ್ರೇಲಿಯಾಕ್ಕೆ ಹೋದರೆ 80 ಮತ್ತು 20. ಹೀಗೆ ಪೈಪ್‌ಲೈನಿನ ಜೊತೆಗೆ ಅನಿಲ ದ್ರವೀಕರಿಸುವ ಸ್ಥಾವರವೂ ಕೈತಪ್ಪಿದರೆ ತಿಮೋರ್‌ಗೆ ಹತ್ತು ಜಾಸ್ತಿ, ಅಷ್ಟೇ. ಪೈಪ್‌ಲೈನಿನ ದಾರಿ ಇತ್ಯರ್ಥವಾಗುವ ತನಕ ಪ್ರಬಂಧದಲ್ಲಿ ಒಂದೇ ಅಂಕಿ ಬರೆಯಬೇಡಿ, ಷರತ್ತಿನ ಸಮೇತ ಎರಡನ್ನೂ ಕೊಡಿ. ಈ ಪಾಲು ನಿಕ್ಷೇಪದಿಂದ ಸರ್ಕಾರಗಳಿಗೆ ಬರುವ ಆದಾಯದ್ದು, ಸ್ಥಾವರದ ಲಾಭದ್ದಲ್ಲ.

ಹೆಚ್ಚಿನವರು ಎಡವುವುದು 20.1 ಎಂಬ ಅಂಕಿಯಲ್ಲಿ. 2003ರ ಏಕೀಕರಣ ಒಪ್ಪಂದ (ಗಡಿಯ ಎರಡೂ ಬದಿಗೆ ಹರಡಿದ ನಿಕ್ಷೇಪವನ್ನು ಒಂದೇ ಘಟಕವಾಗಿ ನೋಡುವ ಒಪ್ಪಂದ) ನಿಕ್ಷೇಪದ 20.1 ಶೇಕಡಾವನ್ನು ಎರಡೂ ದೇಶಗಳು ಆಗ ಹಂಚಿಕೊಂಡಿದ್ದ ಜಂಟಿ ಪ್ರದೇಶಕ್ಕೂ, 79.9ನ್ನು ಆಸ್ಟ್ರೇಲಿಯಾಕ್ಕೂ ಹಂಚಿತ್ತು. 2002ರ ಒಪ್ಪಂದದ 90 ಅನ್ವಯಿಸಿದ್ದು ಆ 20.1ಕ್ಕೆ ಮಾತ್ರ. ಅಂದರೆ ಇಡೀ ನಿಕ್ಷೇಪದಲ್ಲಿ ತಿಮೋರ್‌ಗೆ ಸುಮಾರು 18. "ತಿಮೋರ್‌ಗೆ 90 ಇತ್ತು, 70ಕ್ಕೆ ಇಳಿಯಿತು" ಎಂದು ಬರೆದಿದ್ದರೆ ಆ ಸಾಲು ತೆಗೆದುಬಿಡಿ.

ತಿಮೋರ್ ಸಮುದ್ರದ ಇನ್ನೊಂದು ಅನಿಲ ನಿಕ್ಷೇಪವಾದ ಬಾಯು-ಉಂದಾನ್ ಅನ್ನು ಇದಕ್ಕೆ ಸೇರಿಸಬೇಡಿ. ಹೊಸ ಗಡಿಯಲ್ಲಿ ಅದು ಪೂರ್ತಿ ತಿಮೋರ್‌ನದು. ಆಸ್ಟ್ರೇಲಿಯಾದ ದೇಶೀ ಕಾನೂನು ಉಲ್ಲೇಖಿಸಬೇಕಿದ್ದರೆ 2003ರ ಕಾಯ್ದೆ ಬಿಟ್ಟು 2019ರ ತಿದ್ದುಪಡಿ ಕಾಯ್ದೆ ನೋಡಿ.