ಸೀಟು ಲೇಟು, ಬೇಕಿರೋ ಸಬ್ಜೆಕ್ಟೂ ಅದಲ್ಲ

ಪ್ರಶ್ನೆ: ಮೇಡಂ, ಕಾಲೇಜ್ ಸೀಟು ಸಿಕ್ತು, ಆದ್ರೆ ಎರಡನೇ ಸೆಮಿಸ್ಟರಿಗೆ ಬಾ ಅಂದಿದಾರೆ. ಸಿಕ್ಕಿರೋದು ಗಣಿತ, ಬೇಕಿರೋದು ಕಂಪ್ಯೂಟರ್ ಸೈನ್ಸ್. ಫ್ರೆಂಡ್ಸೆಲ್ಲ ಆಗ್ಲೇ ಕ್ಲಾಸಿಗೆ ಹೋಗ್ತಿದಾರೆ, ನಾನು ಮನೇಲಿ ಕೂತಿದೀನಿ. ಒಳಗೆ ಹೋದ್ಮೇಲೆ ಬದಲಾಯಿಸ್ಕೋಬಹುದಾ?

ಉತ್ತರ: ಬೇಜಾರು ಸಹಜಾನೇ. ಆದ್ರೆ ಬದಲಾವಣೆ ಗ್ಯಾರಂಟಿ ಅಂತ ಮಾತ್ರ ಅಂದ್ಕೋಬೇಡಿ, ಡಿಮ್ಯಾಂಡ್ ಇರೋ ಕೋರ್ಸಲ್ಲಿ ಸೀಟು ಖಾಲಿ ಇದ್ರೆ ತಾನೇ ಕೊಡೋದು, ಅದಕ್ಕೂ ಸಾಮಾನ್ಯವಾಗಿ ಮೊದಲ ವರ್ಷದ ಮಾರ್ಕ್ಸ್, ಇಂತಿಂಥ ಪೇಪರ್ ಪಾಸಾಗಿರ್ಬೇಕು ಅನ್ನೋ ಷರತ್ತು ಎಲ್ಲ ನೋಡ್ತಾರೆ. ಲೇಟಾಗಿ ಸೇರೋರಿಗೆ ಇದೇ ತಲೆನೋವು: ಕೆಲವು ಸಲ ಮೊದಲ ಸೆಮಿಸ್ಟರಿನ ಪೇಪರ್ ಆಗದೆ ಮುಂದಿನದು ತಗೊಳ್ಳೋಕಾಗಲ್ಲ, ಅಷ್ಟರಲ್ಲಿ ಬದಲಾವಣೆ ಅರ್ಜಿಯ ತಾರೀಕು ಮುಗ್ದಿರಬಹುದು. ಹಾಗಾಗಿ ಈಗ್ಲೇ ಆಫೀಸಿಗೆ ಇಮೇಲ್ ಹಾಕಿ ನಿಯಮ ಬರಹದಲ್ಲಿ ಕೇಳಿ, ಸೀನಿಯರ್ ಹೇಳಿದ್ದು ಸಾಲಲ್ಲ. ಈ ತಿಂಗಳುಗಳಲ್ಲಿ ಪ್ರೋಗ್ರಾಮಿಂಗ್ ಕಲೀರಿ, ಕ್ಯಾಲ್ಕುಲಸ್ ಗಟ್ಟಿ ಮಾಡ್ಕೊಳ್ಳಿ. ಬೇರೆ ಕಾಲೇಜಲ್ಲಿ ಪೇಪರ್ ತಗೊಳ್ಳೋ ಮುಂಚೆ ಆ ಕ್ರೆಡಿಟ್ (ಪಾಸಾದ ಪೇಪರಿನ ಲೆಕ್ಕ) ನಿಮ್ಮ ಕಾಲೇಜಲ್ಲಿ ಒಪ್ತಾರಾ ಕೇಳಿ, ಇಲ್ಲಾಂದ್ರೆ ದುಡ್ಡೂ ಹೋಯ್ತು ಟೈಮೂ ಹೋಯ್ತು. ಬದಲಾವಣೆ ಸಿಗದಿದ್ರೂ ಗಣಿತ ಓದಕ್ಕಾಗುತ್ತಾ ನಿಮಗೆ? ಆಗಲ್ಲ ಅನ್ಸಿದ್ರೆ ಫೀಸ್ ಕಟ್ಟೋ ಮುಂಚೇನೇ ಮನೇಲಿ ಮಾತಾಡಿ.